ಐಬು ಕೋವಿಯದ್ದಲ್ಲ, ತೋಟೆಯದ್ದು

ಕೊಡಗಿನಲ್ಲಿ ಕೋವಿ ಪೂಜಿಸುವ ಹಬ್ಬ ಕೈಲ್‌ಪೊಳ್ದ್‌ಗೆ ಎರಡು ವಾರ ಇತ್ತು. ತಾತನ ಜೋಡುನಳಿಗೆ ರೈಫಲ್ ಒರೆಸಲು ಇಳಿಸಿದ್ದೆ. .450/400, ಒಂದು ಕಾಲಕ್ಕೆ ಹುಲಿ ಬೇಟೆಗೆ ಹೆಸರಾದ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮ ಮನೆಯಲ್ಲಿ ಅದು ಪೂಜೆಗೆ, ಆಗೊಮ್ಮೆ ಈಗೊಮ್ಮೆ ಗುರಿಗೆ ಮಾತ್ರ.

ಅಂಗಡಿಯಿಂದ ತಂದ ಆರು ತೋಟೆ ಇದ್ದವು. ಹಾಕಿದರೆ ಕೋವಿ ಪೂರ್ತಿ ಮುಚ್ಚಲೊಲ್ಲದು. ಮೇಲಿನ ಲಿವರ್ ನಡುವಿಗೆ ಬರುವುದೇ ಇಲ್ಲ. ರಿಪೇರಿಯವರಿಗೆ ತೋರಿಸಿದೆ. ‘ನಳಿಗೆಯಲ್ಲಿ ತೋಟೆಯ ಬುಡದ ಅಂಚು ಕೂರುವ ಕಚ್ಚು ಸ್ವಲ್ಪ ಆಳ ಮಾಡಿದರೆ ಆಯ್ತು’ ಎಂದರು. ಎದೆ ಧಸಕ್ಕೆಂದಿತು. ಕೋವಿ ಎತ್ತಿಕೊಂಡು ಮನೆಗೆ ಬಂದೆ.

ಅಂಚಿರುವ ತೋಟೆ ನಿಲ್ಲುವುದು ಆ ಅಂಚಿನ ಮೇಲೇ. ಕಚ್ಚಿನ ತಳದಿಂದ ಕೋವಿಯ ಹಿಂದಿನ ಗೋಡೆಯವರೆಗಿನ ಜಾಗವೇ ಹೆಡ್‌ಸ್ಪೇಸ್. ಜಾಗ ಜಾಸ್ತಿಯಾದರೆ ಹೊಡೆತದಲ್ಲಿ ತೋಟೆ ಹಿಂದಕ್ಕೆ ಹಾರುತ್ತದೆ, ಮದ್ದಿಗೆ ಕಿಡಿ ಹೊತ್ತಿಸುವ ಬೆನ್ನಿನ ಕೇಪು ಹೊರಗೆ ಬರುತ್ತದೆ, ಹಿತ್ತಾಳೆ ಬುಡದ ಹತ್ತಿರ ಎಳೆದು ಹರಿಯಲೂಬಹುದು. ಒಮ್ಮೆ ಕೊರೆದ ಉಕ್ಕನ್ನು ಮತ್ತೆ ತುಂಬಲು ಆಗುತ್ತದಾ?

ಕೂತು ನೋಡಿದೆ. ಮೊದಲು ನಳಿಗೆಯನ್ನೇ ಕಳಚಿ ಮೇಜಿನ ಮೇಲಿಟ್ಟೆ. ಜೀವಂತ ತೋಟೆ ಹಾಕಿ ಕೋವಿ ಮುಚ್ಚಿ ಪರೀಕ್ಷೆ ಮಾಡಲೇಬಾರದು, ಮೊದಲ ದಿನ ನಾನೂ ಅದೇ ತಪ್ಪು ಮಾಡಿದ್ದೆ. ಕಚ್ಚಿನಲ್ಲಿ ಗಟ್ಟಿಯಾದ ಹಳೇ ಗ್ರೀಸನ್ನು ಬಿದಿರು ಕಡ್ಡಿಯಿಂದ ತೆಗೆದೆ. ತಾತನ ಡಬ್ಬಿಯಲ್ಲಿದ್ದ ಹಳೇ ಕೈನಾಕ್ ಕಂಪನಿಯ ಖಾಲಿ ತೋಟೆ ಇಳಿಸಿದೆ. ನಳಿಗೆಯ ಮುಖಕ್ಕೆ ಸಮನಾಗಿ ಕೂತಿತು. ಹೊಸದನ್ನು ಇಳಿಸಿದೆ. ಅಂಚು ಮೇಲೆ ಎದ್ದು ನಿಂತಿತು, ಉಗುರಿಗೆ ಸಿಗುವಷ್ಟು. ಕ್ಯಾಲಿಪರ್ ಇಟ್ಟರೆ ಹೊಸದರ ಅಂಚು ಹಳೆಯದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ!

ನಳಿಗೆಯ ಅಡಿಯ ಮುದ್ರೆಗೆ ಟಾರ್ಚ್ ಹಿಡಿದೆ. ಕಾರ್ಡೈಟ್ (ಹೊಗೆಯಿಲ್ಲದ ಮದ್ದು) 60, ಗುಂಡು 400 ಎಂದಿತ್ತು, ಎರಡೂ ಗ್ರೇನ್ ತೂಕದ ಲೆಕ್ಕ. ಪಕ್ಕದಲ್ಲಿ 3¼, ಅಂದರೆ ತೋಟೆಯ ಉದ್ದ ಇಂಚಿನಲ್ಲಿ. ಹೊಸ ತೋಟೆ 3 ಇಂಚಿನದು! ಹೆಸರು ಒಂದೇ, ತೋಟೆ ಎರಡು. ಉದ್ದನೆಯದು ಬ್ಲ್ಯಾಕ್ ಪೌಡರ್ (ಹಳೇ ಕರಿಮದ್ದು) ಕಾಲದ್ದು, ತೆಳು ಅಂಚು. ಕಾರ್ಡೈಟ್ ಬಂದ ಮೇಲೆ ಖಾಲಿ ತೋಟೆ ಸಿಕ್ಕಿಹಾಕಿಕೊಂಡು ತೆಗೆಯುವುದು ಕಷ್ಟವಾಯಿತು. ಅದಕ್ಕೇ ಜೆಫ್ರಿ ಕಂಪನಿ ಗಿಡ್ಡ ಮಾಡಿ, ಅಂಚು ದಪ್ಪ ಮಾಡಿತು.

ಆದರೂ ಕೋವಿಯನ್ನು ಸುಮ್ನೆ ನಂಬಲಿಲ್ಲ. ನಳಿಗೆಯ ಅಡಿಯ ಮರದ ಮುಂಗಟ್ಟಿಗೆಯನ್ನು ಬಿಚ್ಚಿ, ಖಾಲಿ ನಳಿಗೆ ಮುಚ್ಚಿ ಅಲುಗಿಸಿದೆ. ಮುಂಗಟ್ಟಿಗೆಯ ಸ್ಪ್ರಿಂಗ್ ಸಡಿಲವನ್ನು ಮುಚ್ಚಿಡುತ್ತದೆ, ಅದಕ್ಕೇ ಬಿಚ್ಚಿಯೇ ನೋಡಬೇಕು. ಒಂದಿಷ್ಟೂ ಅಲುಗಲಿಲ್ಲ. ಸೀಮೆಎಣ್ಣೆ ದೀಪದ ಮಸಿ ಕೋವಿಯ ಹಿಂದಿನ ಗೋಡೆಗೆ ಹಿಡಿಸಿ ಮುಚ್ಚಿ ತೆಗೆದೆ. ಎರಡೂ ನಳಿಗೆಯ ಗುರುತು ಸಮವಾಗಿ ಬಿತ್ತು. ತಾತ ಹೊಡೆದಿಟ್ಟ ಖಾಲಿ ತೋಟೆಗಳಲ್ಲೂ ಕೇಪು ಒಂದೂ ಹೊರಗೆ ಬಂದಿರಲಿಲ್ಲ.

ಆರೂ ತೋಟೆ ಅಂಗಡಿಗೆ ವಾಪಸ್ ಕೊಟ್ಟೆ. ‘ಅಂಚು ಉಜ್ಜಿ ಕೊಡ್ತೇವೆ’ ಎಂದರು, ಬೇಡ ಎಂದೆ. ಉಜ್ಜಿದರೂ ಅದು ಗಿಡ್ಡ ತೋಟೆಯೇ, ಈ ನಳಿಗೆಯದ್ದಲ್ಲ.

ಹಬ್ಬದ ದಿನ ಎರಡು ನಳಿಗೆಗೂ ಒಂದೊಂದು ತೋಕ್‌ಪೂ, ಅಂದರೆ ಕೋವಿ ಹೂ, ಸಿಕ್ಕಿಸಿದೆ.