"ಯಾವ ಕಾನೂನಿನಲ್ಲಿದೆ ತೋರಿಸಿ" ಅನ್ನುವ ಕ್ಲೈಂಟ್‌ಗೆ ನಾನು ಕೇಳುವ ಪ್ರಶ್ನೆ

ನಾನು ನ್ಯೂಜೆರ್ಸಿಯ ಒಂದು ಸಣ್ಣ ಟ್ಯಾಕ್ಸ್ ಆಫೀಸಿನಲ್ಲಿ ಎನ್‌ರೋಲ್ಡ್ ಏಜೆಂಟ್. ಜನರ ರಿಟರ್ನ್ ತುಂಬಿಕೊಡುವುದು, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಕಾಗದ ಬಂದರೆ ಅವರ ಪರವಾಗಿ ಉತ್ತರ ಬರೆಯುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವವರಲ್ಲಿ ಕನ್ನಡದವರು, ತೆಲುಗಿನವರು ಜಾಸ್ತಿ. ಫೆಬ್ರವರಿಯಿಂದ ಏಪ್ರಿಲ್ 15ರ ತನಕ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆ ಗಡಿಬಿಡಿಯಲ್ಲೇ ಪ್ರತಿ ಸೀಸನ್ ಯಾರಾದರೊಬ್ಬರು ಎದುರು ಕೂತು ಕೇಳುತ್ತಾರೆ: "ಇಲ್ಲಿ ರಿಟರ್ನ್ ಹಾಕಲೇಬೇಕು ಅಂತ ಕಾನೂನೇ ಇಲ್ವಂತೆ. ಎಲ್ಲ ವಾಲಂಟರಿ ಅಂತೆ. ಹೌದಾ?"

ಯಾವುದೋ ವಿಡಿಯೊ ನೋಡಿರುತ್ತಾರೆ. ಇಲ್ಲವೇ ಆಫೀಸಿನ ಪಕ್ಕದ ಸೀಟಿನವನು ಹೇಳಿರುತ್ತಾನೆ.

ಕಾನೂನಿದೆ. ಇಲ್ಲಿನ ಕೇಂದ್ರ ತೆರಿಗೆ ಕಾಯ್ದೆಯಾದ ಇಂಟರ್ನಲ್ ರೆವೆನ್ಯೂ ಕೋಡ್‌ನ ಸೆಕ್ಷನ್ 1 ತೆರಿಗೆ ಹಾಕುತ್ತದೆ. ಯಾರು ರಿಟರ್ನ್ ಸಲ್ಲಿಸಬೇಕು ಎನ್ನುವುದು 6012ರಲ್ಲಿದೆ. ಯಾವಾಗ ಸಲ್ಲಿಸಬೇಕು ಎನ್ನುವುದು 6072ರಲ್ಲಿ, ದುಡ್ಡು ಯಾವಾಗ ಕಟ್ಟಬೇಕು ಎನ್ನುವುದು 6151ರಲ್ಲಿ. ಬೇಕಂತಲೇ ಸಲ್ಲಿಸದೆ ಕೂತರೆ 7203 ಇದೆ: ಒಂದು ವರ್ಷದ ತನಕ ಜೈಲು, 25,000 ಡಾಲರ್ ತನಕ ದಂಡ. ಇದನ್ನು ಹುಡುಕಲು ಐದು ನಿಮಿಷವೂ ಬೇಡ.

ಹಾಗಾದರೆ ವಾಲಂಟರಿ ಅನ್ನುವ ಮಾತು ಬಂದದ್ದೆಲ್ಲಿಂದ? 1960ರ ಫ್ಲೋರಾ ಕೇಸಿನ ತೀರ್ಪಿನಿಂದ ಅದನ್ನು ಕಿತ್ತು ತರುತ್ತಾರೆ. ನಮ್ಮ ಪದ್ಧತಿ ಜನ ತಾವೇ ಲೆಕ್ಕ ಹಾಕಿ ಕಟ್ಟುವುದರ ಮೇಲೆ ನಿಂತಿದೆ, ಜಪ್ತಿಯ ಮೇಲಲ್ಲ ಎಂಬರ್ಥದ ಒಂದು ಸಾಲನ್ನು ಸುಪ್ರೀಂ ಕೋರ್ಟ್ ಅಲ್ಲಿ ಬರೆದಿತ್ತು. ಅಧಿಕಾರಿ ಮನೆಗೆ ಬಂದು ಲೆಕ್ಕ ಹಾಕುವುದಿಲ್ಲ, ನೀವೇ ಹಾಕಿಕೊಡಿ ಎಂದು ಅಷ್ಟೇ ಅದರ ಅರ್ಥ. ತಮಾಷೆ ಏನೆಂದರೆ ಆ ಕೇಸಿನಲ್ಲಿ ಸೋತವನು ತೆರಿಗೆದಾರನೇ. ಮೊದಲು ಪೂರ್ತಿ ಕಟ್ಟು, ಆಮೇಲೆ ರೀಫಂಡ್ ಕೇಳಿ ದಾವೆ ಹೂಡು ಎಂದಿತು ಕೋರ್ಟ್. ವಿಡಿಯೊದಲ್ಲಿ ಈ ಭಾಗ ಬರುವುದಿಲ್ಲ.

ಇನ್ನೊಂದು ವಾದ ಓಹಾಯೊದ್ದು. ಇನ್‌ಕಮ್ ಟ್ಯಾಕ್ಸ್‌ಗೆ ದಾರಿ ಮಾಡಿದ ಸಂವಿಧಾನದ 16ನೇ ತಿದ್ದುಪಡಿ 1913ರದ್ದು. ಓಹಾಯೊವನ್ನು ರಾಜ್ಯವಾಗಿ ಸೇರಿಸಿಕೊಂಡ ಔಪಚಾರಿಕ ನಿರ್ಣಯ ಮಾತ್ರ ಬಿಟ್ಟುಹೋಗಿತ್ತು. ಅದನ್ನು 1953ರಲ್ಲಿ, 1803ರಿಂದಲೇ ಜಾರಿಗೆ ಬರುವಂತೆ, ಕಾಂಗ್ರೆಸ್ ಪಾಸು ಮಾಡಿತು. ಹಾಗಾಗಿ 1913ರಲ್ಲಿ ಓಹಾಯೊ ರಾಜ್ಯವೇ ಅಲ್ಲ, ತಿದ್ದುಪಡಿಯೂ ಇಲ್ಲ, ತೆರಿಗೆಯೂ ಇಲ್ಲ ಎನ್ನುವುದು ಇವರ ಲೆಕ್ಕ. ಓಹಾಯೊವನ್ನು ಬಿಟ್ಟರೂ ಬೇಕಾದಷ್ಟು ರಾಜ್ಯಗಳು ಒಪ್ಪಿದ್ದವು ಅನ್ನುವುದು ಬೇರೆ ಮಾತು. ತರಲೆ ವಾದ ಅಂತ ನನಗೂ ಒಮ್ಮೊಮ್ಮೆ ಖುಷಿಯಾಗುತ್ತದೆ. ಆದರೆ ಇದನ್ನು ರಿಟರ್ನ್‌ನಲ್ಲಿ ಬರೆದು ಕಳಿಸಿದರೆ ಸೆಕ್ಷನ್ 6702ರ ಕೆಳಗೆ 5,000 ಡಾಲರ್ ದಂಡ. ಟ್ಯಾಕ್ಸ್ ಕೋರ್ಟಿಗೆ ಹೋಗಿ ಇದನ್ನೇ ವಾದಿಸಿದರೆ 25,000 ಡಾಲರ್ ತನಕ ಹಾಕಬಹುದು.

ಇದನ್ನು ನಂಬಿ ಕೆಟ್ಟವರು ಕಡಿಮೆ ಏನಲ್ಲ. ನಟ ವೆಸ್ಲಿ ಸ್ನೈಪ್ಸ್‌ಗೆ 2008ರಲ್ಲಿ ಮೂರು ವರ್ಷ ಜೈಲಾಯಿತು. ಗಮನಿಸಿ, ವಂಚನೆಯ ಆರೋಪದಿಂದ ಜ್ಯೂರಿ ಅವನನ್ನು ಬಿಟ್ಟಿತ್ತು. ಶಿಕ್ಷೆ ಆದದ್ದು 1999, 2000, 2001ರ ರಿಟರ್ನ್ ಸಲ್ಲಿಸದೇ ಇದ್ದದ್ದಕ್ಕೆ, ಒಂದೊಂದು ವರ್ಷಕ್ಕೆ ಒಂದೊಂದರಂತೆ. ತೆರಿಗೆ ಕಟ್ಟಬೇಕಿಲ್ಲ ಎಂದು ದಶಕಗಟ್ಟಲೆ ಬೋಧಿಸಿದ ಅರ್ವಿನ್ ಶಿಫ್ 2015ರಲ್ಲಿ ಜೈಲುವಾಸದಲ್ಲೇ ತೀರಿಕೊಂಡರು.

ಚೀಕ್ ಕೇಸ್ ಮಾತ್ರ ಸ್ವಲ್ಪ ಬೇರೆ. ಜಾನ್ ಚೀಕ್ ಅಮೆರಿಕನ್ ಏರ್‌ಲೈನ್ಸ್ ಪೈಲಟ್. ಕಾನೂನು ತನಗೆ ಅನ್ವಯಿಸುವುದಿಲ್ಲ ಎಂದು ಒಬ್ಬ ಮನಸಾರೆ ನಂಬಿದ್ದರೆ, ಆ ನಂಬಿಕೆ ಎಷ್ಟೇ ಪೆದ್ದಾಗಿದ್ದರೂ, ಬೇಕಂತಲೇ ಮಾಡಿದ ಅಪರಾಧ ಆಗುವುದಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂಬ ವಾದಕ್ಕೆ ಈ ರಕ್ಷಣೆ ಇಲ್ಲ ಎಂದೂ ಹೇಳಿತು. ಮತ್ತೆ ವಿಚಾರಣೆ ನಡೆದಾಗ ಚೀಕ್‌ಗೆ ಶಿಕ್ಷೆಯೇ ಆಯಿತು. ನಂಬಿಕೆಯಿಂದ ಜೈಲು ತಪ್ಪಿದರೂ ತೆರಿಗೆ, ಬಡ್ಡಿ, ದಂಡ ಯಾವುದೂ ತಪ್ಪುವುದಿಲ್ಲ. ಅದೂ ಅಲ್ಲದೆ, ನನ್ನ ಹತ್ತಿರ ಬಂದು ಸೆಕ್ಷನ್ ಕೇಳಿಸಿಕೊಂಡು ಹೋದವರು ನನಗೆ ಗೊತ್ತೇ ಇರಲಿಲ್ಲ ಎನ್ನುವುದು ಹೇಗೆ?

ಇಷ್ಟೆಲ್ಲ ಹೇಳಿದರೂ ಎದುರಿಗಿದ್ದವರ ಮುಖ ಬದಲಾಗುತ್ತಿರಲಿಲ್ಲ. ಇನ್ನೊಂದು ವಾದ ತೆಗೆಯುತ್ತಿದ್ದರು. ನಮ್ಮ ಆಫೀಸಿನ ಹಿರಿಯರೊಬ್ಬರು ಇದನ್ನು ನೋಡುತ್ತಿದ್ದವರು ಒಂದು ದಿನ ಹೇಳಿದರು: "ಸೆಕ್ಷನ್ ಒಂದು ಸಲ ಹೇಳು, ಸಾಕು. ಆಮೇಲೆ ಕೇಳು, ನೀವು ಕೊನೆಯದಾಗಿ ರಿಟರ್ನ್ ಹಾಕಿದ್ದು ಯಾವ ವರ್ಷ ಅಂತ."

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ನಮ್ಮವರಲ್ಲಿ ಕಾನೂನು ಎಲ್ಲಿದೆ ಎಂದು ಕೇಳುವವರಿಗೆ ಸಂವಿಧಾನದ ಚಿಂತೆ ಇರುವುದು ತೀರ ಅಪರೂಪ. ಮನೆಯ ಡ್ರಾಯರ್‌ನಲ್ಲಿ ಎರಡೋ ಮೂರೋ ವರ್ಷದ ಡಬ್ಲ್ಯೂ-2, ಅಂದರೆ ಕಂಪನಿ ಕೊಟ್ಟ ವಾರ್ಷಿಕ ಸಂಬಳದ ಚೀಟಿಗಳು, ಹಾಗೇ ಬಿದ್ದಿರುತ್ತವೆ. ಕೆಲಸ ಹೋದ ವರ್ಷ, ಡೈವೋರ್ಸ್ ಆದ ವರ್ಷ, ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಓಡಿದ ವರ್ಷ. ಒಂದು ತಪ್ಪಿತು, ಮುಂದಿನದ್ದಕ್ಕೆ ಕೈ ಹಾಕಲು ಹೆದರಿಕೆ. ಆಗ ಆ ವಿಡಿಯೊ ಸಿಗುತ್ತದೆ, ಸಮಾಧಾನ ಕೊಡುತ್ತದೆ. ಅವರಿಗೆ ಬೇಕಾದದ್ದು ವಾದದಲ್ಲಿ ಗೆಲ್ಲುವುದಲ್ಲ, ಹೆದರಿಕೆ ಇಳಿಯುವುದು.

ಹೆದರಿಕೆ ಇಳಿಸುವುದಕ್ಕೆ ನಾನು ಪೆನ್ನು ತೆಗೆದು ಒಂದು ಲೆಕ್ಕ ಬರೆಯುತ್ತೇನೆ. ನೀವು 4,000 ಡಾಲರ್ ಕಟ್ಟಬೇಕು, ಕೈಯಲ್ಲಿ ಕಾಸಿಲ್ಲ ಅಂದುಕೊಳ್ಳಿ. ರಿಟರ್ನ್ ಸಮಯಕ್ಕೆ ಹಾಕಿ ದುಡ್ಡು ಮಾತ್ರ ಕಟ್ಟದಿದ್ದರೆ ತಿಂಗಳಿಗೆ ಅರ್ಧ ಪರ್ಸೆಂಟ್ ದಂಡ. ಐದು ತಿಂಗಳಿಗೆ 100 ಡಾಲರ್. ರಿಟರ್ನನ್ನೇ ಹಾಕದಿದ್ದರೆ ತಿಂಗಳಿಗೆ 5 ಪರ್ಸೆಂಟ್, 25ರ ತನಕ. ಅದೇ ಐದು ತಿಂಗಳಿಗೆ 1,000 ಡಾಲರ್. ಬಡ್ಡಿ ಎರಡಕ್ಕೂ ಇದೆ. ದುಡ್ಡಿಲ್ಲ, ಅದಕ್ಕೇ ಫೈಲ್ ಮಾಡಲಿಲ್ಲ ಅನ್ನುವವರು ಹತ್ತು ಪಟ್ಟು ದುಬಾರಿ ದಾರಿ ಹಿಡಿದಿರುತ್ತಾರೆ. ಕಂತಿನಲ್ಲಿ ಕಟ್ಟಲು ಐಆರ್‌ಎಸ್ ಒಪ್ಪುತ್ತದೆ, ಆದರೆ ಮೊದಲು ರಿಟರ್ನ್ ಬರಬೇಕು.

ಸುಮ್ನೆ ಇದ್ದರೆ ಮೂರು ವರ್ಷದಲ್ಲಿ ಎಲ್ಲ ಮುಗಿಯುತ್ತದೆ ಎಂದು ನಂಬಿದವರೂ ಇದ್ದಾರೆ. ಆ ಮೂರು ವರ್ಷದ ಗಡಿ ಶುರುವಾಗುವುದೇ ರಿಟರ್ನ್ ಹಾಕಿದ ಮೇಲೆ. ಹಾಕದಿದ್ದರೆ ಐಆರ್‌ಎಸ್‌ಗೆ ಗಡಿಯೇ ಇಲ್ಲ. ನಿಮಗೆ ಮಾತ್ರ ಇದೆ: ಸಂಬಳದಲ್ಲಿ ಜಾಸ್ತಿ ಹಿಡಿದಿದ್ದರೆ ಆ ರೀಫಂಡನ್ನು ಮೂರು ವರ್ಷದೊಳಗೆ ಕೇಳಬೇಕು. ಆಮೇಲೆ ಅದು ಹೋಯಿತು ಅಂತಲೇ ಲೆಕ್ಕ. ಹೆದರಿ ಫೈಲ್ ಮಾಡದೇ ಕೂತವರಿಗೆ ಸರ್ಕಾರವೇ ದುಡ್ಡು ವಾಪಸ್ ಕೊಡಬೇಕಾಗಿತ್ತು ಎಂದು ಹೊರಟ ಪ್ರಸಂಗಗಳೂ ಉಂಟು.

ಹಾಗಂತ ಎಲ್ಲರೂ ಫೈಲ್ ಮಾಡಲೇಬೇಕು ಎನ್ನುವುದೂ ತಪ್ಪು. 2024ರ ಆದಾಯಕ್ಕೆ, 65 ದಾಟದ ಒಂಟಿ ವ್ಯಕ್ತಿಗೆ ಗಡಿ 14,600 ಡಾಲರ್. ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಸ್ವಂತ ಉದ್ಯೋಗದ ನಿವ್ವಳ ಗಳಿಕೆ 400 ಡಾಲರ್ ಆದರೆ ಸಾಕು, ಬೇಕು. ವೀಕೆಂಡ್‌ನಲ್ಲಿ ಸಂಗೀತ ಪಾಠ ಹೇಳುವವರು, ಊಬರ್ ಓಡಿಸುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಎಫ್-1 ಮೇಲೆ ಹೊಸದಾಗಿ ಬಂದ ವಿದ್ಯಾರ್ಥಿಗಳಂತೂ ಒಂದು ಡಾಲರ್ ದುಡಿಯದಿದ್ದರೂ ಇಲ್ಲಿದ್ದ ದಿನಗಳ ವಿವರ ಕೊಡುವ ಫಾರ್ಮ್ 8843 ಕಳಿಸಬೇಕು.

ನಮ್ಮವರಿಗೆ ಇನ್ನೂ ಒಂದು ಗಂಟು ಇದೆ, ಊರಿನ ಬ್ಯಾಂಕ್ ಖಾತೆ. ಗ್ರೀನ್ ಕಾರ್ಡ್ ಇದ್ದವರು, ಎಚ್-1ಬಿ ಮೇಲೆ ವರ್ಷಪೂರ್ತಿ ಇಲ್ಲಿರುವವರು ಜಗತ್ತಿನ ಎಲ್ಲ ಆದಾಯವನ್ನೂ ಇಲ್ಲಿ ತೋರಿಸಬೇಕು. ಅನಿವಾಸಿ ಭಾರತೀಯರ ಎನ್‌ಆರ್‌ಇ ಡೆಪಾಸಿಟ್ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ಹೊರದೇಶದ ಖಾತೆಗಳ ವರದಿ ಬೇರೆ ಸಲ್ಲಿಸಬೇಕು. ಜಯನಗರದ ಬ್ರಾಂಚ್‌ನಲ್ಲಿರುವ ಅಕೌಂಟ್ ಐಆರ್‌ಎಸ್‌ನವರಿಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತಾರೆ. 2015ರಲ್ಲಿ ಭಾರತ, ಅಮೆರಿಕ ಎರಡೂ ಖಾತೆಗಳ ಮಾಹಿತಿ ಹಂಚಿಕೊಳ್ಳುವ ಫಾಟ್ಕಾ ಒಪ್ಪಂದಕ್ಕೆ ಸಹಿ ಹಾಕಿವೆ. ಬ್ಯಾಂಕಿನವರು ನಿಮ್ಮಿಂದ ಫಾಟ್ಕಾ ಫಾರ್ಮ್ ತುಂಬಿಸಿಕೊಂಡದ್ದು ಅದಕ್ಕೇ. ಸಿಟಿಜನ್‌ಶಿಪ್‌ಗೆ ಹಾಕುವ ಎನ್-400 ಅರ್ಜಿಯಲ್ಲೂ ತೆರಿಗೆ ಬಾಕಿ ಇದೆಯಾ, ಗ್ರೀನ್ ಕಾರ್ಡ್ ಬಂದ ಮೇಲೆ ನಾನ್‌ರೆಸಿಡೆಂಟ್ ಎಂದುಕೊಂಡು ರಿಟರ್ನ್ ಸಲ್ಲಿಸದೆ ಬಿಟ್ಟಿದ್ದೀರಾ ಎಂಬ ಪ್ರಶ್ನೆಗಳಿವೆ. ಈ ಮಾತು ಬಂದಾಗ ವಾಲಂಟರಿ ವಾದ ತಾನಾಗೇ ನಿಲ್ಲುತ್ತದೆ.

ವರ್ಷ ಯಾವುದು ಎಂದು ಬಾಯಿ ಬಿಟ್ಟರೆ ಉಳಿದದ್ದು ಗುಮಾಸ್ತಿಕೆ ಕೆಲಸ. ಐಆರ್‌ಎಸ್‌ನಲ್ಲಿರುವ ಅವರ ವೇಜ್ ಅಂಡ್ ಇನ್‌ಕಮ್ ಟ್ರಾನ್ಸ್‌ಕ್ರಿಪ್ಟ್ ತರಿಸುತ್ತೇನೆ. ಕಂಪನಿ, ಬ್ಯಾಂಕು, ಬ್ರೋಕರ್ ಕಳಿಸಿದ ಡಬ್ಲ್ಯೂ-2, 1099 ಎಲ್ಲ ವರ್ಷದ ಪ್ರಕಾರ ಅದರಲ್ಲಿ ಇರುತ್ತವೆ. ಅಂದರೆ ಆದಾಯ ಎಷ್ಟು ಎಂದು ಐಆರ್‌ಎಸ್‌ನವರಿಗೆ ಮೊದಲೇ ಗೊತ್ತು. ನೀವು ಸುಮ್ಮನಿದ್ದರೆ ಅದನ್ನೇ ಇಟ್ಟುಕೊಂಡು ಅವರೇ ನಿಮ್ಮ ಹೆಸರಲ್ಲಿ ಲೆಕ್ಕ ಮಾಡಬಹುದು. ಆ ಲೆಕ್ಕದಲ್ಲಿ ಹೆಂಡತಿ ಜೊತೆ ಜಾಯಿಂಟ್ ರಿಟರ್ನ್ ಇರುವುದಿಲ್ಲ, ಮಕ್ಕಳಿಗಾಗಿ ತೆರಿಗೆಯಲ್ಲಿ ಕಳೆಯುವ ಕ್ರೆಡಿಟ್ ಇರುವುದಿಲ್ಲ, ಶೇರು ಮಾರಿದ್ದರೆ ಕೊಂಡ ಬೆಲೆಯೂ ಇಲ್ಲದಿರಬಹುದು. ಸಾಮಾನ್ಯವಾಗಿ ಹಿಂದಿನ ಆರು ವರ್ಷದ್ದು ಸರಿಮಾಡಿದರೆ ಐಆರ್‌ಎಸ್ ಒಪ್ಪುತ್ತದೆ. ರೀಫಂಡಿನ ಗಡಿ ಹತ್ತಿರವಾದ ವರ್ಷ ಇದ್ದರೆ ಅದನ್ನು ಮೊದಲು ಕೈಗೆತ್ತಿಕೊಳ್ಳುತ್ತೇನೆ.