ನೆಲ ಬಾಡಿಗೆಯದ್ದು, ಮನೆ ಸ್ವಂತದ್ದು: ಸಾಲ ಯಾವುದರ ಮೇಲೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅರ್ಜಿ ಬಂದರೆ ಮೊದಲು ನೋಡುತ್ತಿದ್ದುದು ಜಾಗದ ಕಾಗದ. ಆಧಾರ (ನಮ್ಮ ಕಡೆ ಜಾಗದ ಹಕ್ಕಿನ ಪತ್ರಕ್ಕೆ ಹೀಗೆನ್ನುತ್ತಾರೆ), ಅದರ ಹಿಂದಿನ ಆಧಾರ, ಆ ವರ್ಷದ ತೆರಿಗೆ ರಶೀದಿ, ವಿಲೇಜ್ ಆಫೀಸಿನ ಸರ್ಟಿಫಿಕೇಟು, ಋಣಭಾರದ ಪತ್ರ. ಮನೆ ಹೇಗಿದೆ ಎನ್ನುವುದು ಆಮೇಲಿನ ಮಾತು. ಇಪ್ಪತ್ತು ಸೆಂಟ್ಸ್ ಜಾಗದಲ್ಲಿ ಹಳೆಯ ಹಂಚಿನ ಮನೆ ಇದ್ದರೆ ನಾವು ಬೆಲೆ ಕಟ್ಟುತ್ತಿದ್ದುದು ಹೆಚ್ಚುಕಡಿಮೆ ಜಾಗಕ್ಕೇ.

ಹಾಗಾಗಿ ಫ್ಲೋರಿಡಾದಲ್ಲಿರುವ ಅಕ್ಕನ ಮಗ "ಚಿಕ್ಕಮ್ಮ, ಮನೆ ಮೇಲೆ ಸಾಲ ತೆಗೆಯೋಣ ಅಂತ. ಕಾಗದ ಕಳಿಸ್ತೇನೆ, ಒಮ್ಮೆ ನೋಡಿ" ಅಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಜಾಗ ಯಾರ ಹೆಸರಲ್ಲಿದೆ?" ಜಾಗ ಅವನದ್ದಲ್ಲ. ಅವನಿರುವುದು ಮೊಬೈಲ್ ಹೋಮಿನಲ್ಲಿ. ಮನೆ ಅವನದ್ದು, ಅದರ ಸಾಲ ತೀರಿದೆ. ಮನೆ ನಿಂತ ನೆಲಕ್ಕೆ ಪಾರ್ಕಿನ, ಅಂದರೆ ಇಂಥ ಮನೆಗಳನ್ನು ಕೂರಿಸಲು ಬಾಡಿಗೆಗೆ ಕೊಡುವ ಜಾಗದ, ಮಾಲಿಕನಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾನೆ. ಈಗ ಮನೆಯ ಮಾಡು (ಛಾವಣಿ) ಹಳತಾಗಿದೆ, ಬದಲಿಸದೆ ನಿರ್ವಾಹವಿಲ್ಲ. ಮಾಡು ಹಾಕುವ ಕಂಟ್ರಾಕ್ಟರನೇ ಸಾಲದ ಕಾಗದವನ್ನೂ ತಂದುಕೊಟ್ಟಿದ್ದ, ರುಜು ಮಾಡಿದರೆ ಸಾಕು ಎಂದು.

ಮೊಬೈಲ್ ಹೋಮ್ ಅಂದರೆ ಚಕ್ರದ ಮೇಲೆ ಓಡಾಡುವ ಮನೆ ಎಂದು ನಮ್ಮೂರಿನಲ್ಲಿ ಹಲವರು ತಿಳಿದಿದ್ದಾರೆ. ಕಾರ್ಖಾನೆಯಲ್ಲಿ ಕಟ್ಟಿ, ಲಾರಿಗೆ ಸಿಕ್ಕಿಸಿ ಎಳೆದು ತಂದು ಒಂದು ಕಡೆ ಕೂರಿಸುವ ಮನೆ ಅದು. ಕೂರಿಸಿದ ಮೇಲೆ ಸಾಮಾನ್ಯವಾಗಿ ಕದಲುವುದಿಲ್ಲ, ಕದಲಿಸಲು ಸಾವಿರಾರು ಡಾಲರ್ ಬೇಕು. 1976ರ ಜೂನ್ 15ರಿಂದ ಇಂಥ ಮನೆಗಳಿಗೆ ಅಲ್ಲಿನ ಕೇಂದ್ರ ಸರಕಾರದ ಒಂದೇ ಕಟ್ಟಡ ನಿಯಮವಿದೆ. ಆಮೇಲೆ ಕಟ್ಟಿದವುಗಳ ಪ್ರತಿ ಭಾಗಕ್ಕೂ ಹೊರಗೋಡೆಯಲ್ಲಿ ಕೆಂಪು ಲೋಹದ ಪಟ್ಟಿ ಇರುತ್ತದೆ. ಅದಕ್ಕಿಂತ ಹಳೆಯ ಮನೆಗೆ ಸಾಲ ಸಿಗುವುದೇ ಕಷ್ಟ. ಇವನ ಮನೆಗೆ ಆ ಪಟ್ಟಿ ಇದೆ.

ನನ್ನ ಗಮನ ಹಿಡಿದದ್ದು ಮನೆಯ ಹಕ್ಕುಪತ್ರ. ಫ್ಲೋರಿಡಾದಲ್ಲಿ ಮೊಬೈಲ್ ಹೋಮಿಗೆ ಟೈಟಲ್ ಕೊಡುವುದು ಕಾರಿಗೆ ಟೈಟಲ್ ಕೊಡುವ ಅದೇ ಇಲಾಖೆ. ಎರಡು ಭಾಗ ಜೋಡಿಸಿದ ಅಗಲದ ಮನೆಯಾದರೆ ಟೈಟಲ್ಲೂ ಎರಡು. ನೆಲ ಬಾಡಿಗೆಯದ್ದಾದರೆ ವರ್ಷ ವರ್ಷ ಸ್ಟಿಕ್ಕರ್ ನವೀಕರಿಸಬೇಕು. ನೆಲವೂ ತನ್ನದಾದರೆ ಸ್ಥಿರಾಸ್ತಿ ಎಂಬ ಬೇರೆಯೇ ಸ್ಟಿಕ್ಕರ್. ಅಂದರೆ ಇವನು ಸಾಲ ಕೇಳಲು ಹೊರಟದ್ದು, ಕಾನೂನಿನ ಕಣ್ಣಿನಲ್ಲಿ, ಚರ ಸೊತ್ತಿನ ಮೇಲೆ. ನಮ್ಮಲ್ಲಿ ಕಾರು ಸಾಲದ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಏರುವಂತೆ ಅಲ್ಲಿ ಟೈಟಲ್ಲಿನಲ್ಲಿ ಸಾಲ ಕೊಟ್ಟವನ ಹೆಸರು ಏರುತ್ತದೆ.

ಇದಕ್ಕೆ ಚಾಟೆಲ್ ಲೋನ್ ಅನ್ನುತ್ತಾರೆ. ಜಾಗ ಸಮೇತ ಅಡಮಾನ ಮಾಡಿದ ಸಾಲಕ್ಕಿಂತ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಸಾಲಗಾರನಿಗೆ ಕಾನೂನಿನ ರಕ್ಷಣೆಯೂ ಕಡಿಮೆ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಇಂಥ ಮನೆ ಕೊಳ್ಳಲು ತೆಗೆದ ಸಾಲಗಳಲ್ಲಿ ಸುಮಾರು ಶೇ. 42 ಚಾಟೆಲ್ ಸಾಲಗಳೇ. ಕೊಳ್ಳುವಾಗಲೇ ಹೀಗಾದರೆ, ಸಾಲ ತೀರಿದ ಮನೆಯನ್ನು ಮತ್ತೆ ಅಡವಿಟ್ಟು ದುಡ್ಡು ಕೇಳುವವನಿಗೆ ಬಾಗಿಲು ಇನ್ನೂ ಕಿರಿದು. ಲೆಕ್ಕ ಕಾಗದದ ಮೇಲೆ ಸುಲಭ. ಮನೆಗೆ 90,000 ಡಾಲರ್ ಬೆಲೆ ಕಟ್ಟಿ ಶೇ. 80ರಷ್ಟು ಸಾಲ ಕೊಟ್ಟರೆ 72,000. ಇವನದ್ದು ಸಾಲ ತೀರಿದ ಮನೆ; ಹಳೆಯ ಸಾಲ 40,000 ಬಾಕಿಯಿದ್ದವನಿಗಾದರೆ ಕೈಗೆ ಬರುವುದು 32,000. ಆದರೆ ಆ 90,000 ಬೆಲೆ ಮನೆಗೆ ಬಂದದ್ದು ಅದು ಆ ಪಾರ್ಕಿನಲ್ಲಿ, ಆ ಜಾಗದಲ್ಲಿ ನಿಂತಿರುವುದರಿಂದ. ಜಾಗದ ಬಾಡಿಗೆ ಏರಿದಷ್ಟೂ ಮನೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಫ್ಲೋರಿಡಾದ ಕಾನೂನಿನಲ್ಲಿ ಬಾಡಿಗೆ ಏರಿಸಲು 90 ದಿನದ ನೋಟೀಸು ಸಾಕು. ಮಾಲಿಕ ಆ ನೆಲವನ್ನು ಬೇರೆ ಉಪಯೋಗಕ್ಕೆ ತಿರುಗಿಸುವುದಾದರೆ 6 ತಿಂಗಳ ನೋಟೀಸು ಕೊಟ್ಟು ಎಬ್ಬಿಸಬಹುದು. ಹೀಗೆ ಎದ್ದು ಹೋಗಬೇಕಾದವನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ನನಗೆ ಇದು ದೂರದ ದೇಶದ ಸಂಗತಿ ಎಂದು ಅನ್ನಿಸಲೇ ಇಲ್ಲ. ನನ್ನ ಅಜ್ಜಿ ಇದ್ದದ್ದು ಒಬ್ಬರು ಧಣಿಗಳ ಅಡಿಕೆ ತೋಟದ ಬದಿಯ ಮುಳಿಹುಲ್ಲಿನ ಮನೆಯಲ್ಲಿ. ಮಣ್ಣು ಮೆಟ್ಟಿ ಗೋಡೆ ಎಬ್ಬಿಸಿದ್ದು ಅಜ್ಜ, ಸೆಗಣಿ ಸಾರಿಸಿ ನೆಲ ಮಾಡಿದ್ದು ಅಜ್ಜಿ. ನೆಲ ಧಣಿಗಳದ್ದು. ಬಾವಿ ತೋಡಲು ಸಾಲ ಕೇಳಿದರೆ ಯಾರೂ ಕೊಡುತ್ತಿರಲಿಲ್ಲ, ಏಕೆಂದರೆ ಅಡವಿಡಲು ಏನೂ ಇರಲಿಲ್ಲ. ಅಜ್ಜಿಯ ಕಿವಿಯ ಓಲೆಯೊಂದೇ. ಧಣಿಗಳು ಒಳ್ಳೆಯವರಿದ್ದರು ಎಂದು ಅಮ್ಮ ಹೇಳುತ್ತಿದ್ದರು. ಇರಬಹುದು. ಆದರೆ ಒಬ್ಬರ ಒಳ್ಳೆಯತನದ ಮೇಲೆ ನಿಂತ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಡಲೂ ಬಾರದು.

1970ರ ಜನವರಿ 1ರಂದು ಕೇರಳದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಇಂಥ ಕುಡಿಕಿಡಪ್ಪುದಾರರಿಗೆ (ಬೇರೆಯವರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡು ಇದ್ದವರಿಗೆ) ತಮ್ಮ ಗುಡಿಸಲು ನಿಂತ ನೆಲವನ್ನು ಕೊಂಡುಕೊಳ್ಳುವ ಹಕ್ಕು ಸಿಕ್ಕಿತು: ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ವರೆಗೆ, ಪಟ್ಟಣಗಳಲ್ಲಿ ಇನ್ನೂ ಕಡಿಮೆ. ಅಜ್ಜಿ ಲ್ಯಾಂಡ್ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಿದರು, ಕ್ರಯ ಸರ್ಟಿಫಿಕೇಟು ಬಂತು. ಆ ಕಾಗದವನ್ನಿಟ್ಟು ಅಪ್ಪ ಸಹಕಾರ ಸಂಘದಲ್ಲಿ ಜಾಗ ಅಡಮಾನ ಮಾಡಿ ಸಾಲ ತೆಗೆದರು, ಕೆಂಪುಕಲ್ಲು ಕಡಿದು ಬಾವಿ ತೋಡಿಸಿದರು. ನಾನು ಶಾಲೆಗೆ ಹೋದದ್ದು, ಮುಂದೆ ಅಂಥದ್ದೇ ಸಂಘದಲ್ಲಿ ಕುಳಿತು ಬೇರೆಯವರ ಗಹಾನ್ (ಸಂಘಕ್ಕೆ ಜಾಗ ಅಡವಿಡುವ ಪತ್ರ) ಬರೆಸಿಕೊಂಡದ್ದು, ಎಲ್ಲದರ ಬುಡದಲ್ಲಿ ಆ ಹತ್ತು ಸೆಂಟ್ಸ್ ಇದೆ. ಅದಕ್ಕೇ ನೆಲದ ಪ್ರಶ್ನೆಯನ್ನು ನಾನು ಹಗುರವಾಗಿ ಬಿಡಲಾರೆ.

ಅಮೆರಿಕದಲ್ಲೂ ಎಲ್ಲ ಕಡೆ ಒಂದೇ ರೀತಿ ಇಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಇಂಥ ಮನೆ ನೆಲೆಗೊಂಡು ನೀರು, ವಿದ್ಯುತ್ತು ಜೋಡಣೆಯಾದ ಮೇಲೆ, ನೆಲ ಬೇರೆಯವರದ್ದಾದರೂ, ಸ್ಥಿರಾಸ್ತಿಯೇ. ಅದೇ ರಾಜ್ಯದ ಮೆರೆಡಿತ್‌ನಲ್ಲಿ 1984ರಲ್ಲಿ ನಿವಾಸಿಗಳೇ ಸಹಕಾರ ಸಂಘ ಕಟ್ಟಿ ತಮ್ಮ ಪಾರ್ಕನ್ನು ಕೊಂಡರು. ಸಹಕಾರದಲ್ಲೇ ಬದುಕಿದ ನನಗೆ ಇದನ್ನು ಓದಿ ಆದ ಸಂತೋಷ ಅಷ್ಟಿಷ್ಟಲ್ಲ.

ಅಕ್ಕನ ಮಗನಿಗೆ ನಾನು ಒತ್ತಿ ಹೇಳಿದ್ದು ಇನ್ನೊಂದು ಸಂಗತಿ. ವಾಸವಿರುವ ಮನೆಯನ್ನು ಒತ್ತೆಯಿಟ್ಟು ಸಾಲಕ್ಕೆ ರುಜು ಮಾಡಿದರೆ, ಅದು ಮನೆ ಕೊಳ್ಳುವ ಸಾಲ ಅಲ್ಲದಿದ್ದರೆ, ಮೂರು ಕೆಲಸದ ದಿನಗಳೊಳಗೆ ಅದನ್ನು ರದ್ದು ಮಾಡುವ ಹಕ್ಕು ಅಲ್ಲಿನ ಕೇಂದ್ರ ಕಾನೂನಿನಲ್ಲಿದೆ. ಈ ಲೆಕ್ಕದಲ್ಲಿ ಶನಿವಾರವೂ ಕೆಲಸದ ದಿನ. ಮೊಬೈಲ್ ಹೋಮ್ ಚರ ಸೊತ್ತಾದರೂ ಈ ಹಕ್ಕು ಉಂಟು. ಕಂಟ್ರಾಕ್ಟರ್ ತಂದ ಕಾಗದದಲ್ಲಿ ಮನೆಯೇ ಒತ್ತೆ ಎಂಬ ಸಾಲು ನಡುವೆಲ್ಲೋ ಇತ್ತು. ರದ್ದತಿಯ ನಮೂನೆ ಅವನು ಕಳಿಸಿದ್ದರಲ್ಲಿ ಇರಲಿಲ್ಲ. "ಆ ನಮೂನೆ ಕೊಡದವರ ಹತ್ತಿರ ರುಜು ಮಾಡಬೇಡ" ಅಂದೆ.

ಅವನು ರುಜು ಮಾಡಲಿಲ್ಲ. ತನ್ನ ಕ್ರೆಡಿಟ್ ಯೂನಿಯನ್ನಿನಲ್ಲಿ (ಅಲ್ಲಿನ ಸಹಕಾರಿ ಬ್ಯಾಂಕು) ಅಡವಿಲ್ಲದ ಸಣ್ಣ ಸಾಲ ತೆಗೆದ. ತಿಂಗಳ ಕಂತು ತುಸು ಭಾರ, ಆದರೆ ಟೈಟಲ್ ಎರಡರಲ್ಲೂ ಬೇರೆಯವರ ಹೆಸರಿಲ್ಲ. ಫ್ಲೋರಿಡಾದ ಕಾನೂನಿನ ಪ್ರಕಾರ ಮಾಲಿಕ ಪಾರ್ಕನ್ನು ಮಾರಾಟಕ್ಕಿಟ್ಟರೆ ಅಲ್ಲಿನ ಮನೆಯವರ ಸಂಘಕ್ಕೆ ಬೆಲೆ ತಿಳಿಸಬೇಕು, ಅದೇ ಬೆಲೆಗೆ ಕೊಳ್ಳಲು ಸಂಘಕ್ಕೆ 45 ದಿನದ ಅವಕಾಶವಿದೆ. ಅವನ ಪಾರ್ಕಿನಲ್ಲಿ ಸಂಘವಿದೆ, ಇವನು ಇಷ್ಟು ವರ್ಷ ಸದಸ್ಯನಾಗಿರಲಿಲ್ಲ. ಹೋದ ವಾರ ಸದಸ್ಯನಾದ. ಸಂಘದ ಬೈಲಾ ಕಳಿಸು ಎಂದಿದ್ದೇನೆ, ಓದಿ ನೋಡುತ್ತೇನೆ.