ಉಂಗುರ ನೂರಾಯಿತು, ಕೆಲಸ ಆಗಿರಲಿಲ್ಲ

ನಮ್ಮ ತಂಡಕ್ಕೆ ಕೆಲಸ ಹೇಳುವ ಚೀಟಿ, ಅಂದರೆ ಟಿಕೆಟ್‌ನಲ್ಲಿ ಇದ್ದದ್ದು ಒಂದೇ ಸಾಲು: 'ಅಪ್‌ಲೋಡ್ ಆಗುವಾಗ ಉದ್ದದ ಪಟ್ಟಿ ಬೇಡ, ತುಂಬುತ್ತಾ ಹೋಗುವ ವೃತ್ತ ಹಾಕಿ.' ಎಷ್ಟು ಹೊತ್ತು ಬೇಕು ಅಂತ ಕೇಳಿದರು. ಅರ್ಧ ದಿನ ಸಾಕು ಅಂದುಬಿಟ್ಟೆ.

ನಮ್ಮದು ಸಾಲದ ಅರ್ಜಿಗೆ ಕಾಗದಪತ್ರ ಸೇರಿಸುವ ವೆಬ್ ಆ್ಯಪ್. ಜನ ಪಹಣಿ, ಪಾಸ್‌ಬುಕ್, ಆಧಾರ್ ಎಲ್ಲವನ್ನೂ ಫೋನಲ್ಲೇ ಫೋಟೋ ತೆಗೆದು ಹಾಕುತ್ತಾರೆ. ಒಂದೊಂದು ಫೋಟೋ 4-5 ಎಂಬಿ.

ಉಂಗುರ ಬರೆಯುವುದೇನೂ ಕಷ್ಟ ಅಲ್ಲ. ವೆಬ್ ಪುಟದಲ್ಲಿ ಗೆರೆ-ಆಕಾರ ಬರೆಯುವ ಎಸ್‌ವಿಜಿಯಲ್ಲಿ ಒಂದರ ಮೇಲೊಂದು ಎರಡು ವೃತ್ತ ಇಡಬೇಕು. ಕೆಳಗಿನದು ಬೂದು, ಮೇಲಿನದು ಹಸಿರು. ಹಸಿರು ಗೆರೆಯನ್ನು ತುಂಡು ಗೆರೆ ಅಂತ ಹೇಳಿ, ಆ ತುಂಡಿನ ಉದ್ದವನ್ನು ವೃತ್ತದ ಸುತ್ತಳತೆಯಷ್ಟೇ ಮಾಡುತ್ತೇವೆ. ಇದು ಸ್ಟ್ರೋಕ್-ಡ್ಯಾಶ್‌ಅರೇ. ಆಮೇಲೆ ಸ್ಟ್ರೋಕ್-ಡ್ಯಾಶ್‌ಆಫ್‌ಸೆಟ್ ಹಾಕಿ ಅದನ್ನು ಹಿಂದಕ್ಕೆ ಜರುಗಿಸಿದರೆ, ಜರುಗಿಸಿದಷ್ಟು ಭಾಗ ಮಾಯ. ತ್ರಿಜ್ಯ 54 ಇದ್ದರೆ ಸುತ್ತಳತೆ 339.3. ಶೇ. 25 ತೋರಿಸಬೇಕಾದರೆ ಆಫ್‌ಸೆಟ್ 254.5. ಈ ಲೆಕ್ಕ ಬೇಡ ಅನ್ನಿಸಿದರೆ ಪಾತ್‌ಲೆಂತ್ 100 ಅಂತ ಕೊಟ್ಟುಬಿಡಿ, ಆಗ ಸುತ್ತಳತೆಯೇ 100 ಅಂದುಕೊಂಡು ಬರೆಯಬಹುದು. ನನಗಿದು ಗೊತ್ತಾಗಿದ್ದು ಎಲ್ಲಾ ಕಡೆ 339 ಬರೆದು ಮುಗಿಸಿದ ಮೇಲೆ.

ಸಣ್ಣಪುಟ್ಟ ಕಾಟ ಇದ್ದೇ ಇರುತ್ತೆ. ಗೆರೆ ಶುರುವಾಗುವುದು ಗಡಿಯಾರದ ಮೂರು ಗಂಟೆಯ ಜಾಗದಿಂದ, ಮೇಲಿನಿಂದ ಬೇಕಾದರೆ 90 ಡಿಗ್ರಿ ಹಿಂದಕ್ಕೆ ತಿರುಗಿಸಬೇಕು. ಗೆರೆಯ ತುದಿ ದುಂಡಗಿರಲಿ ಅಂತ ಹೇಳಿದರೆ ಕೆಲವು ಬ್ರೌಸರ್‌ಗಳಲ್ಲಿ ಸೊನ್ನೆ ಇದ್ದಾಗಲೂ ಒಂದು ಹಸಿರು ಚುಕ್ಕಿ ಉಳಿಯುತ್ತೆ. ನುಣುಪಾಗಿ ತುಂಬಲಿ ಅಂತ ಒಂದು ಅಳತೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯುವ ಒಂದು ಸೆಕೆಂಡಿನ ಟ್ರಾನ್ಸಿಷನ್ ಹಾಕಿದ್ದೆ. ಮಧ್ಯದ ಅಂಕಿ 100 ಅಂತಿದ್ದರೆ ಉಂಗುರ ಇನ್ನೂ 80ರ ಹತ್ತಿರ ಏದುಸಿರು ಬಿಡುತ್ತಿತ್ತು. ಅದನ್ನು 200 ಮಿಲಿಸೆಕೆಂಡಿಗೆ ಇಳಿಸಿದೆ.

ನಗು ಬರಿಸಿದ್ದು ಕನ್ನಡ ಆವೃತ್ತಿ. ಉಂಗುರದ ಒಳಗೆ 'ಅಪ್‌ಲೋಡ್ ಆಗುತ್ತಿದೆ' ಅಂತ ಇತ್ತು. ಟೆಸ್ಟ್ ಮಾಡುವ ಗೆಳತಿ ಬಂದು, 'ಆಗುತಿದೆ ಅಂತ ಬರೆದವರು ಯಾರ್ರೀ, ಕವಿಗಳಾ?' ಅಂದಳು. ನೋಡಿದರೆ, ಇಂಗ್ಲಿಷ್ ಅಕ್ಷರಕ್ಕೆ ಅಂತ ಸಾಲಿನ ಎತ್ತರ, ಅಂದರೆ ಲೈನ್-ಹೈಟ್ 1 ಇಟ್ಟು, ಹೊರಗೆ ಚಾಚಿದ್ದನ್ನು ಮುಚ್ಚುವಂತೆ ಹೇಳಿದ್ದೆ. ತಕಾರದ ಒತ್ತು ಕೆಳಗೆ ಕತ್ತರಿಸಿಹೋಗಿತ್ತು. 1.5 ಮಾಡಿದ ಮೇಲೆ ಒತ್ತು ವಾಪಸ್ ಬಂತು.

ಅಂತೂ ಜನರ ಬಳಕೆಗೆ ಬಿಟ್ಟೆವು. ಎರಡೇ ದಿನದಲ್ಲಿ ಸಪೋರ್ಟ್‌ನವರಿಗೆ ಫೋನ್ ಮೇಲೆ ಫೋನ್. 'ನೂರಾಗಿ ನಿಂತ್ಬಿಟ್ಟಿದೆ ಸಾರ್, ಮುಂದಕ್ಕೇ ಹೋಗ್ತಿಲ್ಲ.' ಜನ ಸ್ವಲ್ಪ ಕಾದು, ಪುಟ ರೀಲೋಡ್ ಮಾಡಿ, ಮತ್ತೆ ಹಾಕುತ್ತಿದ್ದರು. ಒಂದೇ ಪಹಣಿ ಮೂರು ಸಲ ಬಂದು ಕೂತಿತ್ತು.

ತಪ್ಪು ಉಂಗುರದ್ದಲ್ಲ, ಅದಕ್ಕೆ ನಾನು ಕೊಡುತ್ತಿದ್ದ ಅಂಕಿಯದ್ದು. ಬ್ರೌಸರ್‌ನಿಂದ ಸರ್ವರ್‌ಗೆ ಫೈಲ್ ಕಳಿಸುವ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್‌ನ ಅಪ್‌ಲೋಡ್ ಪ್ರೋಗ್ರೆಸ್ ಎಣಿಸುವುದು ಎಷ್ಟು ಬೈಟ್ ಹೊರಟವು ಅನ್ನುವುದನ್ನು ಮಾತ್ರ. ಕಾಗದ ಅಂಚೆ ಡಬ್ಬಿಗೆ ಬಿತ್ತು ಅಂದ ಹಾಗೆ, ಅಷ್ಟೇ. ಆಮೇಲೆ ಸರ್ವರ್ ವೈರಸ್ ಇದೆಯಾ ನೋಡಬೇಕು, ಫೋಟೋವನ್ನು ಪಿಡಿಎಫ್ ಮಾಡಬೇಕು, ಆಮೇಲೆ ಉತ್ತರ ಕೊಡಬೇಕು. ಅದಕ್ಕೇ ಕೆಲವೊಮ್ಮೆ ಅರ್ಧ ನಿಮಿಷ ಹಿಡಿಯುತ್ತಿತ್ತು. ನಮಗ್ಯಾಕೆ ಕಾಣಲಿಲ್ಲ ಅಂದರೆ, ಟೆಸ್ಟ್ ಸರ್ವರ್‌ನಲ್ಲಿ ವೈರಸ್ ತಪಾಸಣೆ ಆಫ್ ಇತ್ತು.

ನಾನು ಮೊದಲು ಹಿಡಿದದ್ದು ಕಳ್ಳದಾರಿ. ಅಪ್‌ಲೋಡ್ ಮುಗಿದಾಗ 90 ತೋರಿಸು, ಆಮೇಲೆ ಟೈಮರ್ ಇಟ್ಟು 99ರವರೆಗೆ ಸುಮ್ನೆ ತೆವಳಿಸು. ವಾರದ ನಂತರ ದೂರಿನಲ್ಲಿ ಆದ ಬದಲಾವಣೆ ಇಷ್ಟೇ: 'ತೊಂಬತ್ತೊಂಬತ್ತಕ್ಕೆ ನಿಂತಿದೆ ಸಾರ್.'

ಕೊನೆಗೆ ಎರಡು ಹಂತ ಮಾಡಿದೆ. ಫೈಲ್ ಹೊರಡುವವರೆಗೆ ನಿಜವಾದ ಶೇಕಡಾ. ಆಮೇಲೆ ಅಂಕಿ ತೆಗೆದು, ಕಾಲು ಭಾಗದ ಗೆರೆ ಸುಮ್ಮನೆ ಸುತ್ತುತ್ತಿರುತ್ತೆ, ಕೆಳಗೆ 'ಫೈಲ್ ಕಳಿಸಿ ಆಯಿತು. ಪರಿಶೀಲಿಸುತ್ತಿದ್ದೇವೆ, ಮತ್ತೆ ಹಾಕಬೇಡಿ' ಅಂತ ಬರುತ್ತೆ. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೂ ಹಳೆಯ ಅಂಕಿ ಕೇಳಿಸಬಾರದಲ್ವಾ, ಅದಕ್ಕೆ ಆ ಹಂತದಲ್ಲಿ ರೀಡರ್‌ಗೆ ಅಂಕಿ ತಿಳಿಸುವ ಏರಿಯಾ-ವ್ಯಾಲ್ಯೂನೌ ತೆಗೆದುಹಾಕಿದೆ. ಫೋನಿನಲ್ಲಿ ಅನಿಮೇಷನ್ ಕಡಿಮೆ ಮಾಡಿಕೊಂಡವರಿಗೆ ಬರೀ ಬರಹ.

ಸುತ್ತಿಸುವಾಗ ಒಂದು ಪಾಠ ಜಾಸ್ತಿ ಸಿಕ್ಕಿತು. ಡ್ಯಾಶ್‌ಆಫ್‌ಸೆಟ್ ಬದಲಾದಾಗೆಲ್ಲ ಬ್ರೌಸರ್ ಗೆರೆಯನ್ನು ಮತ್ತೆ ಬಳಿಯಬೇಕು, ಆ ಕೆಲಸ ನಡೆಯುವುದು ಮುಖ್ಯ ಥ್ರೆಡ್‌ನಲ್ಲಿ, ಅಂದರೆ ಪುಟದ ಹೆಚ್ಚಿನ ಕೆಲಸ ಒಂದಾದ ಮೇಲೊಂದು ನಡೆಯುವ ಸಾಲಿನಲ್ಲಿ. ಅದೇ ಥ್ರೆಡ್ ಬೇರೆ ಭಾರದ ಕೆಲಸದಲ್ಲಿ ಸಿಕ್ಕಿಕೊಂಡರೆ ಉಂಗುರ ಕಲ್ಲಾಗಿ ನಿಲ್ಲುತ್ತೆ. ಬಳಿದಿಟ್ಟ ಚಿತ್ರವನ್ನು ಹಾಗೇ ತಿರುಗಿಸುವ ಸಿಎಸ್‌ಎಸ್ ಟ್ರಾನ್ಸ್‌ಫಾರ್ಮ್‌ನಿಂದ ತಿರುಗಿಸಿದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಆದರೆ ಒಳಗಿನ ವೃತ್ತವನ್ನು ತಿರುಗಿಸಬೇಡಿ, ಇಡೀ ಎಸ್‌ವಿಜಿಯನ್ನೇ ತಿರುಗಿಸಿ. ಕಡಿಮೆ ಬೆಲೆಯ ಫೋನಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಬಾಯಲ್ಲಿ ಹೇಳಬೇಕಾಗಿಲ್ಲ.

ಒಂದೇ ಫೈಲ್ ಎರಡೆರಡು ಸಲ ಬರುವುದು ನಿಂತಿತು. ನನ್ನ ಅರ್ಧ ದಿನ ಮೂರು ವಾರ ಆಗಿತ್ತು ಅನ್ನುವುದು ಬೇರೆ ಮಾತು.

ಮೊನ್ನೆ ಇನ್ನೊಂದು ಟಿಕೆಟ್ ಬಂತು. ವರದಿ ಡೌನ್‌ಲೋಡ್ ಆಗುವಾಗಲೂ ಅದೇ ಉಂಗುರ ಬೇಕಂತೆ. ಎಷ್ಟು ಹೊತ್ತು ಅಂತ ಕೇಳಿದರು. ಉತ್ತರ ಹೇಳುವ ಮೊದಲು ಸರ್ವರ್ ತಂಡದವರ ಹತ್ತಿರ ಹೋಗಿ, ಫೈಲಿನ ಒಟ್ಟು ಗಾತ್ರವನ್ನು, ಫೈಲಿಗಿಂತ ಮೊದಲು ಬರುವ ಕಂಟೆಂಟ್-ಲೆಂತ್ ಹೆಡರ್‌ನಲ್ಲಿ ಕಳಿಸುತ್ತೀರಾ ಅಂತ ಕೇಳಿದೆ. ವರದಿ ತಯಾರಾಗುತ್ತಾ ಇದ್ದ ಹಾಗೇ ತುಂಡುತುಂಡಾಗಿ ಕಳಿಸುತ್ತೇವೆ, ಗಾತ್ರ ನಮಗೂ ಮೊದಲೇ ಗೊತ್ತಿರಲ್ಲ ಅಂದರು. ವಾಪಸ್ ಬಂದು ಟಿಕೆಟ್‌ನಲ್ಲಿ ಬರೆದೆ: ಉಂಗುರ ಸುತ್ತುತ್ತೆ, ಶೇಕಡಾ ಇರಲ್ಲ.